ಬನವಾಸಿ, ಮಸ್ಕಿ, ಬಾದಾಮಿ: ಗೆದ್ದವರು ಮೊದಲಿದ್ದವರಿಂದ ಏನೇನು ತಗೊಂಡರು?

ವರದಾತೀರ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ನಾಡಿನ ಆರಂಭದ ಇತಿಹಾಸದಲ್ಲಿ ಮಕ್ಕಳ ತಲೆಯಲ್ಲಿ ಉಳಿಯುವುದು ಒಂದು ಸಾಲು ಮಾತ್ರ: ಮೌರ್ಯರು, ಶಾತವಾಹನರು, ಚುಟುಗಳು, ಕದಂಬರು, ಚಾಲುಕ್ಯರು. ಒಬ್ಬರು ಹೋದರು, ಇನ್ನೊಬ್ಬರು ಬಂದರು. ಹೊಸಬರು ಬಂದಾಗ ಹಳಬರದ್ದೆಲ್ಲ ಅಳಿಸಿ ಹೋಯಿತು ಅಂತಲೇ ಮಕ್ಕಳು ತಿಳಿದುಕೊಳ್ಳುತ್ತಾರೆ.

ಆದರೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬ ಬೇರೆಯದನ್ನೇ ಹೇಳುತ್ತದೆ. (ಮಂಡ್ಯದ ಮಳವಳ್ಳಿ ಅಲ್ಲ.) ಅದೇ ಒಂದು ಕಂಬದ ಮೇಲೆ ಎರಡು ಶಾಸನ ಇವೆ. ಎರಡೂ ಪ್ರಾಕೃತದಲ್ಲಿ. ಮೊದಲನೆಯದು ಚುಟು ಕುಲದ ಸಾತಕರ್ಣಿಯದು, ಆ ಊರಿನ ದೇವರಿಗೆ ಬಿಟ್ಟ ದತ್ತಿ. ಎರಡನೆಯದು ಅವನ ನಂತರ ಬಂದ ಕದಂಬ ರಾಜನದು. ಮೊದಲು ಕೊಟ್ಟಿದ್ದ ದತ್ತಿ ನಡುವೆ ನಿಂತುಹೋಗಿದೆ ಅಂತ ಕೇಳಿ, ಅದನ್ನೇ ಮತ್ತೆ ಕೊಟ್ಟಿದ್ದೇನೆ ಅಂತ ಬರೆಸಿದ್ದಾನೆ. ಹೊಸ ಕಂಬ ನೆಡಿಸಲಿಲ್ಲ. ಹಳೆಯ ರಾಜನ ಹೆಸರು ಕೆತ್ತಿ ತೆಗೆಸಲಿಲ್ಲ. ಅದರ ಜೊತೆಯಲ್ಲೇ ತನ್ನದನ್ನೂ ಬರೆಸಿದ.

ನನಗೆ ಇದು ತುಂಬಾ ದೊಡ್ಡ ವಿಷಯ ಅನಿಸುತ್ತದೆ. ಗೆದ್ದವರು ಮೊದಲಿದ್ದವರಿಂದ ಏನೇನು ತೆಗೆದುಕೊಂಡರು ಅನ್ನುವ ದಾರಿಯಲ್ಲಿ ಪಾಠ ಕಟ್ಟಬೇಕು ಅಂತಿದ್ದೇನೆ. ನಿಮ್ಮ ನಿಮ್ಮ ಸೀಮೆಯಲ್ಲಿ ಇಂಥ ಗುರುತು ಇದ್ದರೆ ದಯವಿಟ್ಟು ಬರೆಯಿರಿ.

ಮಸ್ಕಿಸೀಮೆ

ಮೇಡಂ, ಒಳ್ಳೆ ಚರ್ಚೆ. ಆದರೆ ಮೌರ್ಯರಿಂದ ಶುರು ಮಾಡಬೇಡಿ. ಅವರಿಗಿಂತ ಎರಡು ಸಾವಿರ ವರ್ಷ ಮುಂಚೆಯೇ ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಜನ ದನ ಕಟ್ಟಿಕೊಂಡು ನೆಲೆ ನಿಂತಿದ್ದರು. ಅವರ ಬೂದಿದಿಬ್ಬಗಳು ಇವತ್ತಿಗೂ ಇವೆ.

ಇವು ಸುಡುಗಾಡಿನ ಬೂದಿ ಅಲ್ಲ. ದನದ ಸಗಣಿಯನ್ನು ರಾಶಿ ಹಾಕಿ, ಬೆಂಕಿ ಕೊಟ್ಟು, ಮತ್ತೆ ರಾಶಿ ಹಾಕಿ ಸುಟ್ಟು, ತಲೆಮಾರುಗಟ್ಟಲೆ ಬೆಳೆದ ದಿಬ್ಬಗಳು. ಕೆಲವು ಕಡೆ ಬೆಂಕಿ ಎಷ್ಟು ಜೋರಾಗಿತ್ತೆಂದರೆ ಬೂದಿ ಕರಗಿ ಗಾಜಿನ ಗಟ್ಟಿಯಂತಾಗಿದೆ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥದ್ದೊಂದು ದಿಬ್ಬವಿದೆ. ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಾರೆ. ಸುರಪುರದ ಕಡೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಅಗೆದಾಗ ದಿಬ್ಬದ ಪಕ್ಕದಲ್ಲೇ ಮನೆಗಳು, ದನದ ಹಟ್ಟಿ, ಕಲ್ಲಿನ ಆಯುಧ ಮಾಡುವ ಜಾಗ ಎಲ್ಲ ಸಿಕ್ಕವು.

ಅವರು ಬೆಳೆಯುತ್ತಿದ್ದದ್ದು ಕೊರಲೆಯಂಥ ಸಿರಿಧಾನ್ಯ, ಹುರುಳಿ, ಹೆಸರು. ರಾಗಿ ಆಗ ಇರಲಿಲ್ಲ, ಅದು ಆಫ್ರಿಕಾದಿಂದ ಆಮೇಲೆ ಬಂತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದರು. ಒಂದು ಮನೆಗೆ ಬೇಕಾದಷ್ಟಲ್ಲ, ಬೇರೆ ಊರಿಗೂ ಹೋಗುವಷ್ಟು.

ಆಮೇಲೆ ಕಬ್ಬಿಣ ಬಂತು. ದೊಡ್ಡ ಕಲ್ಲಿನ ಗೋರಿಗಳು ಬಂದವು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ ನೋಡಿ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಎದುರಿನ ಚಪ್ಪಡಿಗೆ ದುಂಡನೆಯ ಕಿಂಡಿ. ಅಂಥ ಕಲ್ಮನೆಗಳು ನೂರಾರು ಇವೆ, ಕೆಲವು ಆಳೆತ್ತರಕ್ಕಿಂತ ಜಾಸ್ತಿ. ಅಲ್ಲೇ ಒಂದು ದೊಡ್ಡ ಬಂಡೆ ಇದೆ, ನಗಾರಿಯ ಆಕಾರದ್ದು. ಕಲ್ಲಿನಿಂದ ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ. ಹೀಗಿರುವಾಗ ಅಶೋಕನ ಆಳುಗಳು ಬಂದದ್ದು ಯಾರೂ ಇಲ್ಲದ ಕಾಡಿಗೆ ಅಲ್ಲ.

ಹೊಸ ಓದುಗ

ಒಂದು ಅನುಮಾನ. ಹಿರೇಬೆಣಕಲ್ ಜಾಗಕ್ಕೆ ಮೋರ್ಯರ ಗುಡ್ಡ ಅಂತಾರಲ್ಲ, ಅವರು ಮೌರ್ಯರೇನಾ? ಇನ್ನೊಂದು, ಮೌರ್ಯರು ಇಲ್ಲಿ ಯುದ್ಧ ಮಾಡಿ ಗೆದ್ದರಾ? ಚಂದ್ರಗುಪ್ತ ಶ್ರವಣಬೆಳಗೊಳಕ್ಕೆ ಬಂದಿದ್ದ ಅಂತ ಓದಿದ್ದೇನೆ. ಹಾಗಾದರೆ ಅವನ ಕಾಲಕ್ಕೇ ಇದು ಅವರ ಕೈಯಲ್ಲಿ ಇತ್ತು ಅಲ್ವಾ?

ಶಾಸನಪ್ರಿಯ

ಗುಡ್ಡದ ಗೋರಿಗಳಲ್ಲಿ ಎಷ್ಟೋ ಪಾಟಲಿಪುತ್ರದ ಮೌರ್ಯರಿಗಿಂತ ಹಳೆಯವು. ಹೆಸರು ಜನರ ಬಾಯಲ್ಲಿ ಬಂದದ್ದು.

ಚಂದ್ರಗುಪ್ತನ ಕಥೆ ಜೈನ ಪರಂಪರೆಯದು, ಅದಕ್ಕೆ ಅದರದ್ದೇ ಬೆಲೆ ಇದೆ. ಆದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಅತಿ ಹಳೆಯ ಶಾಸನವೇ ಸುಮಾರು ಕ್ರಿ.ಶ. 600ರದು. ಅದರಲ್ಲಿ ಭದ್ರಬಾಹು, ಪ್ರಭಾಚಂದ್ರ ಅನ್ನುವ ಹೆಸರುಗಳಿವೆ. ಚಂದ್ರಗುಪ್ತನ ಕಾಲಕ್ಕೂ ಅದಕ್ಕೂ ಸುಮಾರು ಒಂಬೈನೂರು ವರ್ಷದ ಅಂತರ. ಅದರ ಮೇಲೆ ರಾಜ್ಯದ ಗಡಿ ಎಳೆಯಲು ಆಗುವುದಿಲ್ಲ.

ಗಟ್ಟಿ ಆಧಾರ ಅಂದರೆ ಅಶೋಕನ ಶಾಸನಗಳು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳದ್ದನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಮಸ್ಕಿಯದನ್ನು 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಂಡರು. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಶಾಸನದಿಂದಲೇ ಖಚಿತವಾದದ್ದು ಮಸ್ಕಿಯಲ್ಲಿ, ಯಾಕೆಂದರೆ ಅಲ್ಲಿ ಹೆಸರೇ ಇತ್ತು. ಚಿನ್ನದ ಗಣಿಯವರು ಅಲ್ಲಿ ಓಡಾಡುತ್ತಿದ್ದದ್ದೂ ಸುಮ್ನೆ ಅಲ್ಲ, ಹಟ್ಟಿ ಅಲ್ಲೇ ಪಕ್ಕದಲ್ಲಿದೆ. ಆ ಕಡೆ ಬಹಳ ಹಿಂದಿನವರು ತೋಡಿದ ಹಳೆಯ ಗಣಿಗುಂಡಿಗಳಿವೆ. ಮೌರ್ಯರಿಗೆ ಈ ಸೀಮೆ ಯಾಕೆ ಬೇಕಿತ್ತು ಅನ್ನುವುದಕ್ಕೆ ಚಿನ್ನ ಒಂದು ಉತ್ತರ.

ಇನ್ನು ಬ್ರಹ್ಮಗಿರಿಯ ಗುಂಪಿನ ಶಾಸನಗಳಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ. ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಗೆ ತಾನು ಲಿಪಿಕಾರ ಅನ್ನುವ ಮಾತನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಅಂದರೆ ಇವತ್ತಿನ ಪಾಕಿಸ್ತಾನದ ಪೇಶಾವರ, ತಕ್ಷಶಿಲೆಯ ಸುತ್ತ. ಬಲದಿಂದ ಎಡಕ್ಕೆ ಬರೆಯುವ ಲಿಪಿ. ಆ ಕಡೆ ಬರವಣಿಗೆ ಕಲಿತವನೊಬ್ಬ ಚಿತ್ರದುರ್ಗದ ಬಂಡೆಯ ಮುಂದೆ ಕೂತು ಕೆಲಸ ಮಾಡಿದ್ದಾನೆ! ಮೌರ್ಯರ ಆಳ್ವಿಕೆ ಎಷ್ಟು ಉದ್ದ ಚಾಚಿತ್ತು ಅನ್ನುವುದಕ್ಕೆ ಭೂಪಟಕ್ಕಿಂತ ಆ ಒಂದು ಪದ ಸಾಕು.

ಯುದ್ಧ ಆಯಿತಾ ಅಂತ ಕೇಳಿದಿರಿ. ಇಲ್ಲಿ ಯುದ್ಧದ ದಾಖಲೆ ಯಾವುದೂ ಇಲ್ಲ. ಆದರೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಚಪ್ಪಡಿ ಯೋಚನೆಗೆ ಹಚ್ಚುತ್ತದೆ. ಅದು ಅಲ್ಲಿನ ದೇವಾಲಯದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹದ ಬುಡ ಕೂರಲಿ ಅಂತ ಯಾರೋ ನಡುವೆ ತೂತು ಕೊರೆದು ಅಕ್ಷರಗಳು ಹೋಗಿವೆ. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಅದು ಹೊರಬಂತು. ಅದರಲ್ಲಿ ಅಶೋಕನ ಎರಡು ವಿಶೇಷ ಶಾಸನಗಳಿವೆ. ಅವು ಬೇರೆ ಕಡೆ ಸಿಕ್ಕಿರುವುದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ, ಅಂದರೆ ಅಶೋಕ ರಕ್ತ ಹರಿಸಿ ಗೆದ್ದ ಕಳಿಂಗದಲ್ಲಿ. ‘ಎಲ್ಲ ಜನರೂ ನನ್ನ ಮಕ್ಕಳು’ ಅನ್ನುವ ಮಾತು, ಅಧಿಕಾರಿಗಳು ನ್ಯಾಯ ತಪ್ಪಬಾರದು ಅನ್ನುವ ಎಚ್ಚರಿಕೆ ಅವುಗಳಲ್ಲಿದೆ. ಗೆದ್ದ ನಾಡಿಗೆ ಹೇಳಿದ ಮಾತನ್ನೇ ಭೀಮಾ ತೀರದ ಜನರಿಗೂ ಯಾಕೆ ಹೇಳಿದ? ಇಲ್ಲಿನ ನೆಲವೂ ಮೆತ್ತಗೆ ಕೈಗೆ ಬಂದಿರಲಿಕ್ಕಿಲ್ಲ ಅನ್ನುವುದು ನನ್ನ ಊಹೆ. ಊಹೆ ಅಷ್ಟೇ.

ಹಡಗಲಿ ಹುಡುಗಿ

ಶಾತವಾಹನರನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಶಾಸನ ಪಲ್ಲವ ಶಿವಸ್ಕಂದವರ್ಮನದು. ಕಂಚಿಯಿಂದ ಹೊರಡಿಸಿದ್ದು, ಭಾಷೆ ಪ್ರಾಕೃತ. ಅದರಲ್ಲಿ ನಮ್ಮ ಸೀಮೆಯ ಹೆಸರು ‘ಸಾತಾಹನಿ ರಟ್ಟ’ ಅಂತಿದೆ. ಶಾತವಾಹನರು ಹೋಗಿ ಆಗಿತ್ತು, ಆಳುವವರು ಕಂಚಿಯವರು. ಆದರೂ ಜಿಲ್ಲೆಗೆ ಹಳೆಯ ಒಡೆಯರ ಹೆಸರೇ ನಡೆದುಕೊಂಡು ಬಂತು. ಕಂದಾಯ ವಸೂಲಿ ಮಾಡುವವರಿಗೆ ಹೊಸ ಹೆಸರಿಗಿಂತ ಊರವರು ಗುರುತಿಸುವ ಹೆಸರೇ ಮುಖ್ಯ ಅಲ್ವಾ?

ಇನ್ನೊಂದು, ಚಿತ್ರದುರ್ಗದ ಚಂದ್ರವಳ್ಳಿ. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ, ಅಗಸ್ಟಸ್ ಮತ್ತು ಟೈಬೀರಿಯಸ್‌ನವು. ಅದೇ ಚಂದ್ರವಳ್ಳಿಯ ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ, ಕೆರೆ ಕಟ್ಟಿಸಿದ ವಿಷಯ ಅದರಲ್ಲಿ ಬರುತ್ತದೆ. ಹಳೆಯ ವ್ಯಾಪಾರದ ಜಾಗದಲ್ಲೇ ಹೊಸ ರಾಜ ನೀರು ನಿಲ್ಲಿಸಿದ್ದಾನೆ.

ತುಂಗಭದ್ರಾ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನಾನು ಸ್ವಲ್ಪ ತಡೆಯುತ್ತೇನೆ. ಗೆದ್ದವರು ಹಳೆಯದನ್ನು ಉಳಿಸಿಕೊಂಡರು ಅಂತ ಹೇಳುತ್ತಾ ಹೋದರೆ ಗೆಲುವು ಅಂದರೆ ಏನೋ ಸೌಮ್ಯವಾದ ಕೈಬದಲಾವಣೆ ಅಂತ ಮಕ್ಕಳಿಗೆ ಅನಿಸಬಹುದು. ಹಾಗಿರಲಿಲ್ಲ.

ಐಹೊಳೆಯ ಮೇಗುಟಿ ಗುಡಿಯಲ್ಲಿ ರವಿಕೀರ್ತಿ ಕ್ರಿ.ಶ. 634-35ರಲ್ಲಿ ಬರೆಸಿದ ಶಾಸನ ಓದಿ. ಚಾಲುಕ್ಯ ಕೀರ್ತಿವರ್ಮ ನಳರಿಗೆ, ಮೌರ್ಯರಿಗೆ, ಕದಂಬರಿಗೆ ಕಾಳರಾತ್ರಿಯಾದ ಅಂತ ಹೊಗಳಿದ್ದಾನೆ. (ಈ ಮೌರ್ಯರು ಕೊಂಕಣದ ಕಡೆಯವರು.) ಆಮೇಲೆ ಇಮ್ಮಡಿ ಪುಲಿಕೇಶಿ ಬನವಾಸಿಗೆ ಮುತ್ತಿಗೆ ಹಾಕಿದ್ದನ್ನು ವರ್ಣಿಸುತ್ತಾನೆ. ವರದಾ ನದಿ ಊರಿನ ಸುತ್ತ ಡಾಬಿನ ಹಾಗಿದೆ, ಅಲೆಗಳ ಮೇಲೆ ಹಂಸಗಳ ಸಾಲಿದೆ ಅಂತೆಲ್ಲ. ಕಾವ್ಯ ಚೆಂದ. ಆದರೆ ಸೈನ್ಯ ಊರು ಸುತ್ತುವರಿದಾಗ ಒಳಗಿದ್ದವರಿಗೆ ಏನಾಯಿತು ಅನ್ನುವುದು ಅಲ್ಲಿಲ್ಲ.

ಅದೇ ಪುಲಿಕೇಶಿಯ ಬಾದಾಮಿಗೂ ಸುಮಾರು 642ರಲ್ಲಿ ಅದೇ ಗತಿ ಬಂತು. ಪಲ್ಲವ ನರಸಿಂಹವರ್ಮ ಊರು ಹಿಡಿದು, ‘ವಾತಾಪಿಕೊಂಡ’ ಅಂತ ಬಿರುದು ಇಟ್ಟುಕೊಂಡ. ಅವನ ಶಾಸನ ಬಾದಾಮಿಯಲ್ಲೇ ಬಂಡೆ ಮೇಲಿದೆ. ಒಂದನೇ ವಿಕ್ರಮಾದಿತ್ಯ ಪಲ್ಲವರನ್ನು ಹೊರಗೆ ಹಾಕಿ ಸಿಂಹಾಸನ ಏರುವ ಹೊತ್ತಿಗೆ 655 ಆಗಿತ್ತು. ನಡುವಿನ ಆ ವರ್ಷಗಳಲ್ಲಿ ರೈತ ಯಾರಿಗೆ ತೆರಿಗೆ ಕಟ್ಟಿದ, ಎಷ್ಟು ಸಲ ಕಟ್ಟಿದ?

ಹಲ್ಮಿಡಿ ಶಾಸನವನ್ನೂ ನಾವು ಭಾಷೆಗಾಗಿ ಮಾತ್ರ ನೆನೆಯುತ್ತೇವೆ. ಅದರ ವಿಷಯ ಏನು? ಪಲ್ಲವರು, ಕೇಕಯರು ಇದ್ದ ಕಾಳಗದಲ್ಲಿ ಹೋರಾಡಿದ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆಯುವ ಮರ್ಯಾದೆಯಾಗಿ ಕೊಟ್ಟದ್ದು. ಆ ಕತ್ತಿಗೆ ಹತ್ತಿದ್ದ ರಕ್ತವೂ ನಮ್ಮ ಇತಿಹಾಸವೇ.

ಮತ್ತೊಂದು. ದತ್ತಿ ಕೊಟ್ಟ ಭೂಮಿಯಲ್ಲಿ ಮೊದಲು ಯಾರಿದ್ದರು? ಕುರಿ, ದನ ಮೇಯಿಸುವವರು, ಕುಮರಿ ಬೇಸಾಯ ಮಾಡುವವರು, ಬೇಟೆಗಾರರು. ಮಸ್ಕಿಸೀಮೆ ಹೇಳಿದ ಬೂದಿದಿಬ್ಬದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಎಲ್ಲೋ ಇಲ್ಲೇ ಇದ್ದರು. ಶಾಸನ ಅವರ ಹೆಸರು ಹೇಳುವುದಿಲ್ಲ.

ವರದಾತೀರ

ತುಂಗಭದ್ರಾ ಅವರೇ, ನಿಮ್ಮ ಮಾತು ಖಂಡಿತ ಬೇಕಿತ್ತು. ಪಾಠದಲ್ಲಿ ಐಹೊಳೆ ಪಕ್ಕಕ್ಕೇ ಹಲ್ಮಿಡಿಯನ್ನು ಇಡುತ್ತೇನೆ. ಆದರೆ ನನ್ನ ವಾದ ಬಿಡುವುದಿಲ್ಲ. ಹಿಂಸೆ ಇತ್ತು, ನಿಜ. ಹಿಂಸೆ ಮುಗಿದ ಮೇಲೆ ಗೆದ್ದವನಿಗೆ ಒಂದು ಕಷ್ಟ ಇರುತ್ತದೆ. ತಾನು ಈ ನೆಲದವನೇ ಅಂತ ತೋರಿಸಬೇಕು. ಅಲ್ಲಿ ಹಳಬರು ಬೇಕಾಗುತ್ತಾರೆ.

ತಾಳಗುಂದದ ಕಂಬ ನೋಡಿ. ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಬರೆದದ್ದು, ಕಲ್ಲಿನ ಮೇಲೆ ಬರೆದವನೂ ಅವನೇ. ಮಯೂರಶರ್ಮನ ಕಥೆ ನಮಗೆ ಗೊತ್ತಿರುವುದೇ ಆ ಕಂಬದಿಂದ. ಓದಲಿಕ್ಕೆ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಶ್ರೀಪರ್ವತದ ಕಾಡು ಸೇರಿ, ಬಾಣರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರೇ ಅವನನ್ನು ಒಪ್ಪಿ ಪಟ್ಟ ಕಟ್ಟಿದರು. ಇದಾದದ್ದು ಸುಮಾರು ಕ್ರಿ.ಶ. 345ರ ಸುಮಾರಿಗೆ. ಈ ಭಾಗ ಎಲ್ಲರಿಗೂ ಗೊತ್ತು.

ಜನ ಓದದೇ ಬಿಡುವುದು ಶಾಸನದ ಕೊನೆಯ ಭಾಗ. ಅಲ್ಲಿ ವಿಷಯ ಒಂದು ಕೆರೆ! ಶಿವನ ಗುಡಿಯ ಪಕ್ಕ ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಆ ಗುಡಿ ಎಂಥದ್ದು? ಸಾತಕರ್ಣಿ ಮುಂತಾದ ರಾಜರು ಪೂಜೆ ಮಾಡಿದ ಗುಡಿ ಅಂತ ಕುಬ್ಜ ಬರೆಯುತ್ತಾನೆ. ತಮಗಿಂತ ಮೊದಲು ಆಳಿದವರ ಹೆಸರನ್ನು ಕದಂಬರು ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ.

ಇದಕ್ಕಿಂತ ಆಳವಾದದ್ದು ಗೋತ್ರದ ವಿಷಯ. ಮಳವಳ್ಳಿಯ ಚುಟು ರಾಜ ತನ್ನನ್ನು ಮಾನವ್ಯ ಗೋತ್ರದವನು, ಹಾರೀತಿಪುತ್ರ ಅಂತ ಕರೆದುಕೊಳ್ಳುತ್ತಾನೆ. ಅವರ ಜಾಗಕ್ಕೆ ಬಂದ ಕದಂಬರೂ ಮಾನವ್ಯ ಗೋತ್ರ, ಹಾರೀತಿಪುತ್ರ. ಕದಂಬರನ್ನು ಸೋಲಿಸಿದ ಬಾದಾಮಿ ಚಾಲುಕ್ಯರ ತಾಮ್ರಪಟಗಳನ್ನು ತೆಗೆದು ನೋಡಿ, ಅಲ್ಲೂ ಮಾನವ್ಯ ಗೋತ್ರ, ಹಾರೀತಿಪುತ್ರ. ಮೂರು ಮನೆತನ, ಮೂರೂ ಒಂದೇ ಸೀಮೆಗಾಗಿ ಬಡಿದಾಡಿದವು. ಆದರೆ ‘ನಾವು ಯಾರು’ ಅಂತ ಹೇಳುವ ಮಾತು ಮಾತ್ರ ಒಂದೇ. ಈ ನೆಲವನ್ನು ಆಳಬೇಕಾದವನು ಹೀಗೆ ಹೇಳಿಕೊಳ್ಳಬೇಕು ಅನ್ನುವ ರೂಢಿ ಬನವಾಸಿಯಲ್ಲಿ ಬೇರೂರಿತ್ತು ಅಂತ ನಾನು ಓದುತ್ತೇನೆ.

ಮಸ್ಕಿಸೀಮೆ

ಗೋತ್ರದ ಈ ಸಾಲು ಓದಿ ಮೈ ಜುಂ ಅಂತು ಮೇಡಂ. ಬನವಾಸಿ ಮಧುಕೇಶ್ವರ ಗುಡಿಯ ನಾಗರಕಲ್ಲನ್ನೂ ಇದಕ್ಕೆ ಸೇರಿಸಿ. ಐದು ಹೆಡೆಯ ನಾಗ, ಅಂಚಿನಲ್ಲಿ ಪ್ರಾಕೃತ ಶಾಸನ. ಚುಟು ರಾಜನ ಮಗಳು ನಾಗ, ಕೆರೆ, ವಿಹಾರ ಮೂರನ್ನೂ ಮಾಡಿಸಿಕೊಟ್ಟದ್ದು. ಕಲ್ಲು ಕೆತ್ತಿದವನು ನಟಕ ಅಂತ ಹೆಸರೂ ಇದೆ. ವಿಹಾರ ಬೌದ್ಧರದು. ಈಗ ಆ ಕಲ್ಲು ಶಿವನ ಗುಡಿಯ ಅಂಗಳದಲ್ಲಿದೆ. ಪೂಜೆಯ ಹೆಸರು ಎಷ್ಟು ಸಲ ಬದಲಾದರೂ ನಾಗ ಮತ್ತು ಕೆರೆ ಮಲೆನಾಡಿನವರನ್ನು ಬಿಟ್ಟು ಹೋಗಿಲ್ಲ.

ಶಾಸನಪ್ರಿಯ

ಕೆರೆ ಅಂದಾಗ ಗುಡ್ನಾಪುರ ಬಿಡಬಾರದು. ಬನವಾಸಿ ಹತ್ತಿರವೇ. ಕದಂಬ ರವಿವರ್ಮ ಅಲ್ಲಿ ಕಾಮನ ಗುಡಿ ಕಟ್ಟಿಸಿ ಕಂಬದ ಮೇಲೆ ಬರೆಸಿದ. ಕೆರೆಯಲ್ಲಿ ಇವತ್ತಿಗೂ ನೀರಿದೆ.

ಇನ್ನು ತುಂಗಭದ್ರಾ ಅವರ ಪ್ರಶ್ನೆಗೆ, ಅಂದರೆ ಶಾಸನದಲ್ಲಿ ಹೆಸರಿಲ್ಲದವರ ವಿಷಯಕ್ಕೆ. ಸಂಪೂರ್ಣ ಒಪ್ಪುತ್ತೇನೆ. ಅದಕ್ಕೇ ಉತ್ಖನನ ಬೇಕು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಕೆಳಗೆ ಕಲ್ಲಿನ ಕೊಡಲಿಯವರು, ಅವರ ಮೇಲೆ ಕಬ್ಬಿಣ ಮತ್ತು ದೊಡ್ಡ ಗೋರಿಯವರು, ಅದರ ಮೇಲೆ ಶಾತವಾಹನರ ಕಾಲದ ಪದರ ಸಿಕ್ಕಿತು. ಮುಖ್ಯ ಏನೆಂದರೆ ಆ ಪದರಗಳು ಒಂದರ ಒಳಗೊಂದು ಬೆರೆತಿವೆ. ಗೋರಿಯವರು ಬಂದ ಮೇಲೂ ಕಲ್ಲಿನ ಕೊಡಲಿ ಸ್ವಲ್ಪ ಕಾಲ ನಡೆದಿದೆ. ಹಳಬರು ಊರು ಬಿಟ್ಟು ಓಡಿಹೋದ ಹಾಗೆ ಕಾಣುವುದಿಲ್ಲ.

ಚೆನ್ನೈ ಕನ್ನಡಿಗ

ನಾನು ಕೆಲಸದ ಮೇಲೆ ತಮಿಳುನಾಡಿನಲ್ಲಿದ್ದೇನೆ. ಗೆದ್ದವರ ಮಾತು ಬಂತಲ್ಲ, ಕಂಚಿಯ ಕೈಲಾಸನಾಥ ದೇವಾಲಯಕ್ಕೆ ಬಂದವರು ಅಲ್ಲಿನ ಮಂಟಪದ ಕಂಬದ ಮೇಲಿರುವ ಕನ್ನಡ ಶಾಸನ ನೋಡದೆ ಹೋಗಬೇಡಿ. ಹೌದು, ಕಂಚಿಯಲ್ಲಿ, ಹಳೆಗನ್ನಡದಲ್ಲಿ! ಇಮ್ಮಡಿ ವಿಕ್ರಮಾದಿತ್ಯ ಕಂಚಿ ಹಿಡಿದ. ಬಾದಾಮಿಯ ಸೇಡು ತೀರಿಸಿಕೊಳ್ಳಲು ಅವನಿಗೆ ಕಾರಣ ಇತ್ತು. ಆದರೆ ರಾಜಸಿಂಹೇಶ್ವರದ, ಅಂದರೆ ಇದೇ ಕೈಲಾಸನಾಥ ದೇವಾಲಯದ ಐಶ್ವರ್ಯ ನೋಡಿ, ಅದನ್ನು ತೆಗೆದುಕೊಳ್ಳದೆ ದೇವರಿಗೇ ಬಿಟ್ಟೆ ಅಂತ ಶಾಸನ ಹೇಳುತ್ತದೆ. ಗೆದ್ದವನು ಹೇಳಿಕೊಂಡ ಮಾತು ಅನ್ನುವುದು ನಿಜ. ಆದರೂ ದೋಚಿದೆ ಅಂತ ಬರೆಸಿಕೊಳ್ಳುವುದಕ್ಕಿಂತ ಬಿಟ್ಟೆ ಅಂತ ಬರೆಸಿಕೊಳ್ಳುವುದು ದೊಡ್ಡದು ಅಂತ ಅವನಿಗೆ ಅನಿಸಿತಲ್ಲ!

ಹಡಗಲಿ ಹುಡುಗಿ

ಅದರ ಮುಂದಿನ ಭಾಗ ಪಟ್ಟದಕಲ್ಲಿನಲ್ಲಿದೆ. ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ದೇವಾಲಯ. ಕಂಚಿಯ ಕೈಲಾಸನಾಥ ನೋಡಿದವರಿಗೆ ಇದರ ಶಿಖರ, ಪ್ರಾಕಾರ ನೋಡಿದ ತಕ್ಷಣ ನೆಂಟಸ್ತಿಕೆ ಗೊತ್ತಾಗುತ್ತದೆ. ಸೋತವರ ಕಟ್ಟಡದ ಕಲೆ ಗೆದ್ದವರ ಊರಿಗೆ ಬಂತು. ಕಟ್ಟಿದವರ ಹೆಸರೂ ಅಲ್ಲೇ ಬರೆದಿದೆ: ಗುಂಡ ಅನಿವಾರಿತಾಚಾರಿ, ಅವನಿಗೆ ‘ತ್ರಿಭುವನಾಚಾರಿ’ ಬಿರುದು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ‘ತೆಂಕಣ ದಿಶೆಯ ಸೂತ್ರಧಾರಿ’.

ರಾಣಿಯ ಇನ್ನೊಂದು ಶಾಸನ ನನಗೆ ಜಾಸ್ತಿ ಇಷ್ಟ. ತನ್ನ ಮಾವ ವಿಜಯಾದಿತ್ಯ ಹಾಡುಗಾರರಿಗೆ ಕೊಟ್ಟಿದ್ದ ಮರ್ಯಾದೆ, ಹಕ್ಕುಗಳನ್ನು ಅವಳು ಹಾಗೆಯೇ ಮುಂದುವರಿಸಿದ್ದು.

ಹೊಸ ಓದುಗ

ಎಲ್ಲ ಓದಿದೆ, ತುಂಬಾ ಧನ್ಯವಾದ. ಕೊನೆಯದಾಗಿ ಒಂದು. ಇಷ್ಟೆಲ್ಲ ಬೇರೆ ಬೇರೆಯವರು ಆಳಿದರು, ಪ್ರಾಕೃತ ಬರೆದರು, ಸಂಸ್ಕೃತ ಬರೆದರು. ಕನ್ನಡ ಯಾವಾಗ ಶಾಸನದ ಒಳಗೆ ಬಂತು, ಯಾರು ತಂದರು?

ಶಾಸನಪ್ರಿಯ

ಒಬ್ಬ ರಾಜ ಆಜ್ಞೆ ಮಾಡಿ ತಂದದ್ದಲ್ಲ. ಈ ಚರ್ಚೆಯ ಕಂಬಗಳನ್ನೇ ಸಾಲಾಗಿ ನಿಲ್ಲಿಸಿ ನೋಡಿ. ಮಳವಳ್ಳಿ ಪ್ರಾಕೃತ. ತಾಳಗುಂದದ ಕಂಬ ಸಂಸ್ಕೃತ. ಹಲ್ಮಿಡಿ ಸುಮಾರು 450ರದು, ಕನ್ನಡ. ಎರಡು ಮೂರು ಶತಮಾನದೊಳಗೆ ಇಷ್ಟು ಬದಲಾವಣೆ. ತಾಳಗುಂದದಲ್ಲೇ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಕಟಾಂಜನದ ಮೇಲಿನ ಶಾಸನದಲ್ಲಿ ಕನ್ನಡ ಇದೆ, ಅದು ಹಲ್ಮಿಡಿಗಿಂತ ಹಳೆಯದು ಅನ್ನುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.

ಹೊಗಳಿಕೆ ಸಂಸ್ಕೃತದಲ್ಲಿ ಇರುತ್ತದೆ, ಯಾಕೆಂದರೆ ಅದನ್ನು ಓದಬೇಕಾದವರು ದೂರದ ರಾಜರು, ಪಂಡಿತರು. ಯಾರ ಹೊಲ, ಎಲ್ಲಿಯ ಗಡಿ, ಯಾರಿಗೆ ಎಷ್ಟು ಅನ್ನುವುದು ಊರವರಿಗೆ ತಿಳಿಯಬೇಕು. ಅಲ್ಲಿ ಕನ್ನಡ ಬರುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಎರಡೂ ಒಟ್ಟಿಗೆ ಇವೆ. ಮಂಗಲೀಶ ಕ್ರಿ.ಶ. 578ರ ಸಂಸ್ಕೃತ ಶಾಸನದಲ್ಲಿ ತನ್ನ ಅಣ್ಣನ ಪ್ರತಾಪ, ಗುಹೆಯ ಅಂದ ಎಲ್ಲ ಬರೆಸಿದ. ಅಲ್ಲೇ ಚಿಕ್ಕದೊಂದು ಕನ್ನಡ ಶಾಸನ ಇದೆ. ‘ಕಲ್ಮನೆ’ಗೆ, ಅಂದರೆ ಆ ಗುಹೆಗೆ, ಲಂಜಿಗೇಸರ ಎಂಬ ಊರು ಕೊಟ್ಟದ್ದು ಮತ್ತು ದೇವರಿಗೆ ಹೂ ಒದಗಿಸುವ ಮಾಲೆಗಾರರ ಪಾಲಿನ ಮಾತು ಅದರಲ್ಲಿದೆ.

ತುಂಗಭದ್ರಾ

ಹೂ ಕಟ್ಟುವವರು ಸಿಕ್ಕರಲ್ಲ, ಸಂತೋಷ. ವರದಾತೀರ ಮೇಡಂ, ಪಾಠದಲ್ಲಿ ಇವರನ್ನೂ ಸೇರಿಸಿ.

ವರದಾತೀರ

ಸೇರಿಸಿದೆ. ನಟಕನನ್ನೂ, ಚಪಡನನ್ನೂ ಕೂಡ. ಮುಂದಿನ ತಿಂಗಳು ಮಕ್ಕಳನ್ನು ತಾಳಗುಂದ, ಮಳವಳ್ಳಿ, ಬನವಾಸಿಗೆ ಕರೆದುಕೊಂಡು ಹೋಗುವವಳಿದ್ದೇನೆ. ಕಂಬದ ಅಕ್ಷರ ಕಣ್ಣಿಗೆ ಚೆನ್ನಾಗಿ ಕಾಣುವುದು ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ. ಆ ಕಡೆಯವರು ಯಾರಾದರೂ ಜೊತೆಗೆ ಬಂದು ಬ್ರಾಹ್ಮಿಯ ನಾಲ್ಕು ಅಕ್ಷರ ಓದಿ ತೋರಿಸಿದರೆ ಮಕ್ಕಳಿಗೆ ಬಹಳ ಉಪಕಾರ ಆಗುತ್ತದೆ. ಬರುವವರು ಇಲ್ಲೇ ತಿಳಿಸಿ.